ಹುಲ್ಲು ಎರಡನೇ ಸಾಲಿನಲ್ಲಿತ್ತು

ಎಲ್ಲ ಅನಾಹುತಕ್ಕೂ ಕಾರಣ ಪ್ರಾಸ. ಅಯ್ಯೂಬ್ ಮಾಸ್ತರ ಆ ಒಂದು ಪ್ರಾಸದ ಆಸೆ ಬಿಟ್ಟಿದ್ದರೆ ಹುಲ್ಲು ಮೊದಲನೇ ಸಾಲಿನಲ್ಲೇ ಇರುತ್ತಿತ್ತು, ಹಸು ಅದನ್ನು ತಿಂದು ಸುಮ್ಮನಿರುತ್ತಿತ್ತು, ಊರೂ ಸುಮ್ಮನಿರುತ್ತಿತ್ತು. ಆದರೆ ನಾಲ್ಕನೇ ಸಾಲಿನ ಕೊನೆಯಲ್ಲಿ 'ನಿಲ್ಲು' ಎಂದು ಬಂದುಬಿಟ್ಟಿತ್ತು. ಹಾಗಾಗಿ ಹುಲ್ಲು ಎರಡನೇ ಸಾಲಿನ ಕೊನೆಗೆ ಹೋಗಿ ಕೂರಬೇಕಾಯಿತು.

ಬಾ ಬಾ ಹಸುವೇ, ಕೊಯ್ದು ತರುವೆ
ಹಿತ್ತಲ ಬದಿಯ ಹಸಿ ಹುಲ್ಲು;
ಮೆಲ್ಲಗೆ ತಿನ್ನು, ಮೆಲುಕನು ಹಾಕು,
ಕರುವಿಗೆ ಹಾಲು ಉಳಿಸಿ ನಿಲ್ಲು.

ಇದಾದ ಮೇಲೆ ಕೋಳಿಗೆ ನಾಲ್ಕು ಸಾಲು, ಆಡಿಗೆ ನಾಲ್ಕು ಸಾಲು. ಒಟ್ಟು ಹನ್ನೆರಡು ಸಾಲಿನ ಈ ಪದ್ಯಕ್ಕೆ 'ಹಟ್ಟಿಯ ಪದ್ಯ' ಎಂದು ಹೆಸರು.

ಅಯ್ಯೂಬ್ ಫಳ್ನೀರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕನ್ನಡ ಕಲಿಸುತ್ತಿದ್ದ. ಇಂಗ್ಲಿಷ್ ಮೀಡಿಯಂ ಶಾಲೆಯ ಕನ್ನಡ ಮಾಸ್ತರನೆಂದರೆ ಮದುವೆ ಊಟದಲ್ಲಿ ಉಪ್ಪಿನಕಾಯಿ ಬಡಿಸುವವನ ಹಾಗೆ. ಅವನಿಲ್ಲದಿದ್ದರೆ ಪಂಕ್ತಿ ಪೂರ್ತಿಯಾಗುವುದಿಲ್ಲ, ಆದರೆ ಅವನನ್ನು ಎರಡನೇ ಸಲ ಕರೆಯುವವರೂ ಇಲ್ಲ. ಈಗ ಶಾಲೆಗೆ ಇಪ್ಪತ್ತೈದು ತುಂಬಿತೆಂದು ಚಿಕ್ಕ ಮಕ್ಕಳಿಗೆ ಒಂದು ಪದ್ಯದ ಪುಸ್ತಕ ಮಾಡಿಸುತ್ತಿದ್ದರು. ಹದಿನೆಂಟು ಇಂಗ್ಲಿಷ್ ಪದ್ಯಗಳ ನಡುವೆ ಕನ್ನಡದ್ದೂ ಒಂದಿರಲಿ ಎಂದು ಹೆಡ್‌ಮಿಸ್ ರೊಸಾಲಿನ್ ಅಯ್ಯೂಬನಿಗೇ ಹೇಳಿದ್ದರು, ಅದನ್ನು ಮೊದಲನೇ ಪುಟಕ್ಕೆ ಹಾಕುವುದಾಗಿಯೂ ಹೇಳಿದ್ದರು. ಅಯ್ಯೂಬನ ಹೆಸರು ಅಚ್ಚಾಗುವುದು ಇದು ಎರಡನೇ ಸಲ. ಮೊದಲನೆಯದು ಅವನ ಮದುವೆ ಕಾಗದ, ಅದರಲ್ಲಿ 'ಆಯುಬ' ಎಂದು ತಪ್ಪಾಗಿತ್ತು.

ಈ ಹೆಸರಿಗಾಗಿ ಅವನಿಗಿಂತ ಹೆಚ್ಚು ಕಾಯುತ್ತಿದ್ದವಳು ಮಗಳು ಶೈಮಾ. ಅದೇ ಶಾಲೆಯಲ್ಲಿ ಒಂದನೇ ಕ್ಲಾಸು. ಒತ್ತಕ್ಷರ ಕಲಿಯಲು ಅಳುತ್ತಿದ್ದ ಹುಡುಗಿಗೆ ಅಯ್ಯೂಬ್ ತನ್ನ ಹೆಸರಿನಿಂದಲೇ ಪಾಠ ಶುರು ಮಾಡಿದ್ದ. ಯ ಬರೆ, ಅದರ ಕೆಳಗೆ ಇನ್ನೊಂದು ಯ ನೇತುಹಾಕು, ಪಕ್ಕದಲ್ಲಿ ಕೊಂಬು. ಪುಸ್ತಕ ಬಂದ ದಿನ ಮೊದಲನೇ ಪುಟ ತೆರೆದು ತಾನೇ ಓದುವುದೆಂದು ಅವಳು ಮೂರು ವಾರ ಅಭ್ಯಾಸ ಮಾಡಿದ್ದಳು. ಹೆಸರು ಪದ್ಯದ ಮೇಲೇ ಇರಬೇಕು, ಕೆಳಗೆ ಹಾಕಿದರೆ ಯಾರಿಗೂ ಕಾಣುವುದಿಲ್ಲ ಎಂದು ಹಟ ಹಿಡಿದವಳೂ ಅವಳೇ. ಅಪ್ಪ ಒಪ್ಪಿ ಮೇಲೇ ಹಾಕಿದ. ಕೆಳಗೆ ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ದಿನ ಬೆಳಿಗ್ಗೆ ಏಳು ಗಂಟೆಗೆ ಅವನು ಪದ್ಯವನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದ. ಮಕ್ಕಳಿಗೆ ಮನೆಯಲ್ಲಿ ಓದಿಸಲಿ ಎಂದು ಹೆಡ್‌ಮಿಸ್ಸೇ ಹೇಳಿದ್ದರು. ಸಂಜೆ ನಾಲ್ಕಕ್ಕೆ ತಿದ್ದಿದ ಪ್ರೂಫ್ ಹಂಪನಕಟ್ಟೆಯ ಪ್ರೆಸ್ಸಿಗೆ ಹೋಗಬೇಕಿತ್ತು. ನಾಲ್ಕು ಗಂಟೆಯ ತನಕ ಏನೂ ಆಗದಿದ್ದರೆ ಸಾಕಿತ್ತು.

ಪೋಷಕರ ಸಂಘದ ಅಧ್ಯಕ್ಷರು ಗೌರವ್, ಟೈಲ್ಸ್ ಅಂಗಡಿ ಇಟ್ಟವರು. ಮನುಷ್ಯ ಕೆಟ್ಟವರಲ್ಲ, ಆದರೆ ಮೆಸೇಜು ತೆರೆದು ಓದುವ ಅಭ್ಯಾಸ ಅವರಿಗೆ ಇರಲಿಲ್ಲ. ಪರದೆಯ ಮೇಲೆ ಎಷ್ಟು ಕಾಣುತ್ತದೋ ಅಷ್ಟೇ ಅವರ ಪಾಲಿಗೆ ಜಗತ್ತು. ಆ ಬೆಳಿಗ್ಗೆ ಅವರಿಗೆ ಕಂಡದ್ದು ಇಷ್ಟು: 'ಹಟ್ಟಿಯ ಪದ್ಯ. ರಚನೆ: ಅಯ್ಯೂಬ್. ಬಾ ಬಾ ಹಸುವೇ, ಕೊಯ್ದು...'

ನಮ್ಮ ಕಡೆ ಹೂವನ್ನೂ ಕೊಯ್ಯುತ್ತಾರೆ, ಪೈರನ್ನೂ ಕೊಯ್ಯುತ್ತಾರೆ, ತೆಂಗಿನಕಾಯಿಯನ್ನೂ ಕೊಯ್ಯುತ್ತಾರೆ, ಕೋಳಿಯನ್ನೂ ಕೊಯ್ಯುತ್ತಾರೆ. ಏನನ್ನು ಕೊಯ್ದರು ಎಂಬುದು ಪಕ್ಕದ ಶಬ್ದವನ್ನು ನೋಡಿದರೆ ತಿಳಿಯುತ್ತದೆ. ಕೊಯ್ಯುವವನ ಹೆಸರನ್ನು ನೋಡಿ ತಿಳಿದುಕೊಳ್ಳುವವರೂ ಇದ್ದಾರೆ. ಗೌರವ್ ಆ ಚೂರನ್ನು ಹಾಗೆಯೇ ಸ್ಕ್ರೀನ್‌ಶಾಟ್ ತೆಗೆದು, 'ಇದನ್ನಾ ನಮ್ಮ ಮಕ್ಕಳಿಗೆ ಕಲಿಸುವುದು?' ಎಂದು ಕೆಳಗೆ ಬರೆದು ಇನ್ನೂರು ಜನರಿಗೆ ಕಳಿಸಿದರು. ಆಮೇಲೆ ಹಲ್ಲುಜ್ಜಲು ಹೋದರು.

ವಾಮಂಜೂರಿನಿಂದ ಹೊರಟ ಬಸ್ಸಿನಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ ಅಯ್ಯೂಬನ ಜೇಬಿನಲ್ಲಿ ಫೋನು ಜೇನುಗೂಡಿನ ಹಾಗೆ ಗುಯ್ಗುಡತೊಡಗಿತು. ಪದ್ಯ ಎಲ್ಲರಿಗೂ ಇಷ್ಟವಾಗಿರಬೇಕು ಎಂದುಕೊಂಡು ಅವನು ನಾಚುತ್ತಲೇ ತೆರೆದ. ನೋಡಿದರೆ ಗೌರವ್ ಕಳಿಸಿದ ಚೂರು, ಅದರ ಕೆಳಗೆ ಬೈಗುಳ. ಪೂರ್ತಿ ಪದ್ಯವನ್ನು ಇನ್ನೊಮ್ಮೆ ಹಾಕಿ 'ದಯವಿಟ್ಟು ಎರಡನೇ ಸಾಲು ಓದಿ' ಎಂದು ಬರೆಯಲು ಹೋದರೆ, ಇನ್ನು ಈ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂದು ಬಂತು. ಅಡ್ಮಿನ್ ಗೌರವ್, ಅವರು ಆಗ ಸ್ನಾನಕ್ಕೆ ಹೋಗಿದ್ದರು.

ಶಾಲೆಗೆ ಹೋದವನೇ ಹೆಡ್‌ಮಿಸ್‌ನ ಕೋಣೆಗೆ ಓಡಿದ. ರೊಸಾಲಿನ್ ಮಿಸ್‌ಗೆ ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ. ಅಷ್ಟೂ ತಿಂಗಳು ಯಾವ ಗಲಾಟೆಯೂ ಇಲ್ಲದೆ ಕಳೆಯಲಿ ಎಂದು ಅವರು ದಿನವೂ ಮೇಣದ ಬತ್ತಿ ಹಚ್ಚುತ್ತಿದ್ದರು. ಮೇಜಿನ ಫೋನನ್ನು ಅವರು ಬೆಳಗಿನಿಂದ ಕೆಳಗಿಟ್ಟಿರಲಿಲ್ಲ.

"ಸರ್, ನಿಮ್ಮ ಪದ್ಯ ನಾನು ಓದಿದ್ದೇನೆ. ಅದರಲ್ಲಿ ಹುಲ್ಲು ಉಂಟು ಅಂತ ನನಗೆ ಗೊತ್ತುಂಟು," ಎಂದರು. "ಆದರೆ ಹುಲ್ಲು ಉಂಟು, ಹುಲ್ಲು ಉಂಟು ಅಂತ ನಾನು ಎಷ್ಟು ಜನರಿಗೆ ಹೇಳಿಕೊಂಡು ಕೂತುಕೊಳ್ಳುವುದು?"

ಹಸುವನ್ನು ತೆಗೆದುಬಿಡಿ ಎಂಬುದು ಅವರ ಸಲಹೆ. ಕೋಳಿಯೂ ಆಡೂ ಇದ್ದೇ ಇದೆಯಲ್ಲ, ಮಕ್ಕಳಿಗೆ ಅಷ್ಟು ಸಾಕು.

ಆ ಹಸು ಪದ್ಯಕ್ಕಾಗಿ ಹುಟ್ಟಿದ್ದಲ್ಲ. ಅವನು ಸಣ್ಣವನಿದ್ದಾಗ ವಾಮಂಜೂರಿನ ಮನೆಯ ಹಟ್ಟಿಯಲ್ಲಿ ಬೊಳ್ಳಿ ಎಂಬ ಬಿಳಿ ಹಸು ಇತ್ತು. ಶಾಲೆಗೆ ಹೋಗುವ ಮೊದಲು ಗದ್ದೆಯ ಬದುವಿನಲ್ಲಿ ಒಂದು ಹೊರೆ ಹುಲ್ಲು ಕೊಯ್ದು ತಂದು ಹಾಕುವುದು ಅವನ ಕೆಲಸ. ಹಾಲು ಕರೆದು ನಾಲ್ಕು ಮನೆಗೆ ಕೊಡುತ್ತಿದ್ದವಳು ಅವನ ಉಮ್ಮ ಅಲೀಮಮ್ಮ. ಬೊಳ್ಳಿ ಮುದಿಯಾಗಿ ಹಟ್ಟಿಯಲ್ಲೇ ಸತ್ತಿತು. ಇನ್ನೊಂದು ಹಸು ತರೋಣವೆಂದರೆ, ಅಷ್ಟರಲ್ಲಿ ಅಯ್ಯೂಬ್ ಎಂಬ ಹೆಸರಿನವನು ಹಸುವಿನ ಹಗ್ಗ ಹಿಡಿದುಕೊಂಡು ರಸ್ತೆಯಲ್ಲಿ ನಡೆಯುವ ಕಾಲ ಮುಗಿದಿತ್ತು. ಪದ್ಯದಲ್ಲಾದರೂ ಒಂದು ಹಸು ಕಟ್ಟೋಣ ಎಂದು ಅವನು ಆಸೆಪಟ್ಟದ್ದು.

"ಹಸು ತೆಗೆದರೆ ಹೆಸರು ಇರ್ತದಲ್ಲ ಮಿಸ್?" ಎಂದು ಕೇಳಿದ.

ಹೆಸರಿಗೆ ಏನೂ ಆಗುವುದಿಲ್ಲ ಎಂದು ಅವರು ಭರವಸೆ ಕೊಟ್ಟರು. ಅಯ್ಯೂಬ್ ತನ್ನ ಪ್ರತಿಯಲ್ಲಿ ಹಸುವಿನ ನಾಲ್ಕು ಸಾಲಿಗೆ ಗೀಟು ಎಳೆದ. ಮನಸ್ಸಿಗೆ ಕಹಿಯಾಯಿತು, ನಿಜ. ಆದರೆ ಮಗಳು ಯ ಕೆಳಗೆ ಯ ನೇತುಹಾಕುವುದು ಕಣ್ಣ ಮುಂದೆ ಬಂತು.

ಹತ್ತು ಗಂಟೆಗೆ ಹೆಡ್‌ಮಿಸ್ ಗೌರವ್‌ಗೆ ಫೋನು ಮಾಡಿ ಹಸುವನ್ನು ತೆಗೆದ ಶುಭ ಸಮಾಚಾರ ತಿಳಿಸಿದರು. ಹತ್ತೂಕಾಲಿಗೆ ಗುಂಪಿನಲ್ಲಿ ಹೊಸ ಮೆಸೇಜು ಬಂತು. 'ಹಟ್ಟಿಯ ಪದ್ಯದಲ್ಲಿ ಹಸುವೇ ಇಲ್ಲವಂತೆ. ಹಸುವನ್ನು ಕಂಡರೆ ಮಾಸ್ಟ್ರಿಗೆ ಯಾಕೆ ಆಗುವುದಿಲ್ಲ?' ಅದರ ಕೆಳಗೆ ಇನ್ನೊಂದು. 'ಹಂದಿಯೂ ಸಾಕುಪ್ರಾಣಿಯೇ. ಅದನ್ನು ಯಾಕೆ ಬಿಟ್ಟದ್ದು ಅಂತಲೂ ಅವರು ಹೇಳಲಿ.'

ಸ್ಟಾಫ್‌ರೂಮಿನಲ್ಲಿ ಇದನ್ನು ಗಟ್ಟಿಯಾಗಿ ಓದಿದವಳು ಒಂದನೇ ಕ್ಲಾಸಿನ ಜೆಸ್ಸಿ ಟೀಚರ್. ಅವಳಿಗೆ ಎಲ್ಲದರಲ್ಲೂ ಸಹಾಯ ಮಾಡುವ ಚಟ. ಹಂದಿಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಕನಿಕರವಿತ್ತು. ತನ್ನ ಅಜ್ಜಿಯ ಮನೆಯ ಹಿಂದೆ ಎರಡು ಹಂದಿ ಇದ್ದವು, ಕ್ರಿಸ್ಮಸ್ಸಿನ ತನಕ ಅವುಗಳ ಹಾಗೆ ಪ್ರೀತಿಯ ಪ್ರಾಣಿ ಬೇರೆ ಇರಲಿಲ್ಲ ಎಂದಳು.

"ಒಂದು ಹಂದಿ ಹಾಕಿ ಬಿಡಿ ಸರ್. ಇಂಗ್ಲಿಷ್ ಪದ್ಯದಲ್ಲೆಲ್ಲ ಉಂಟು. ಹಂದಿ ಹಾಕಿದ ಮೇಲೆ ನಿಮಗೆ ಭೇದಭಾವ ಉಂಟು ಅಂತ ಯಾರು ಹೇಳ್ತಾರೆ?"

ಅಯ್ಯೂಬ್ ಹಂದಿಯನ್ನು ಇಷ್ಟು ಹತ್ತಿರದಿಂದ ಯೋಚಿಸಿದವನೇ ಅಲ್ಲ. ಆದರೂ ಖಾಲಿ ಪೀರಿಯಡ್ಡಿನಲ್ಲಿ ಕೂತು ಕಣ್ಣು ಮುಚ್ಚಿ ಬರೆದ. ಎದ್ದು ಓದಿ ನೋಡಿದರೆ ಅವನಿಗೇ ಗಾಬರಿಯಾಯಿತು. ಅವನ ಹನ್ನೊಂದು ವರ್ಷದ ಪದ್ಯಗಳಲ್ಲಿ ಇಷ್ಟು ಚಂದದ ನಾಲ್ಕು ಸಾಲು ಬಂದಿರಲಿಲ್ಲ.

ಹಂದೀ ಹಂದೀ, ಕೆಸರಿನ ಹಂದೀ,
ಮೀಯಲು ಯಾಕೆ ತಕರಾರು?
ಅಮ್ಮನ ಕೈಗೆ ಸಿಕ್ಕಿದ ಮೇಲೆ
ತಪ್ಪಿಸಿಕೊಂಡವರು ಯಾರಾರು?

ಜೆಸ್ಸಿ ಟೀಚರ್ ನಕ್ಕು ನಕ್ಕು ಸಾಕಾಗಿ, ಕೇಳದೆಯೇ ಫೋಟೋ ತೆಗೆದು ಗುಂಪಿನ ಇನ್ನೊಬ್ಬ ಅಡ್ಮಿನ್‌ಗೆ ಕಳಿಸಿದಳು. ಸಹಾಯವಾಗಲಿ ಎಂದೇ ಕಳಿಸಿದ್ದು.

ಸಹಾಯ ಹನ್ನೆರಡೂವರೆಗೆ ಗೇಟಿಗೆ ಬಂತು, ಸ್ಕೂಟರಿನ ಮೇಲೆ. ಬಂದವನು ಅರಾಫತ್. ಅಯ್ಯೂಬನ ಹೆಂಡತಿ ಝುಬೈದಾಳ ಅಣ್ಣ, ಗಲ್ಫಿನಿಂದ ಬಂದು ಹಂಪನಕಟ್ಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟವನು. ತಂಗಿಯ ಸಂಸಾರ ತನ್ನ ಅಂಗಡಿಯ ಇನ್ನೊಂದು ಶಾಖೆ ಎಂದು ಅವನ ತಿಳಿವಳಿಕೆ. ಹೆಲ್ಮೆಟ್ ತೆಗೆಯದೆ, ಮೊಬೈಲನ್ನು ಅಯ್ಯೂಬನ ಮೂಗಿನ ಹತ್ತಿರ ಹಿಡಿದ. ಅದರಲ್ಲಿ ಹಂದಿಯ ಪದ್ಯ, ಅಯ್ಯೂಬನದೇ ದುಂಡಗಿನ ಅಕ್ಷರ.

"ನಮ್ಮ ಜಮಾತಿನವರು ಅಂಗಡಿಗೆ ಬಂದು ತೋರಿಸಿ ಹೋದರು. ನಿನ್ನ ಭಾವ ಹಂದಿಗೆ ಮೀಯಿಸ್ತಾನಂತೆ ಅಂತ ಕೇಳಿದರು," ಎಂದ. "ನಿನಗೆ ಬೇರೆ ಎಂತ ಪ್ರಾಣಿಯೂ ಸಿಗಲಿಲ್ವಾ ಮಾರಾಯ?"

ಅಯ್ಯೂಬ್ ನಡೆದದ್ದೆಲ್ಲ ಹೇಳಿದ. ಹಸುವನ್ನು ಬರೆದರೆ ಬೈದರು, ತೆಗೆದರೂ ಬೈದರು, ಅದಕ್ಕೆ ಹಂದಿ ಬಂತು. ಅರಾಫತ್ ತಲೆಯಾಡಿಸಿದ. ಹೆಲ್ಮೆಟ್ ಇದ್ದದ್ದರಿಂದ ಅದು ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಹಂದಿ ಈಗಿಂದೀಗ ಹೋಗಬೇಕು ಎಂದು ಹೇಳಿ, ಉಳಿದದ್ದನ್ನೂ ತೋರಿಸು ಎಂದು ಕಾಗದ ಕಿತ್ತುಕೊಂಡ. 'ಆಡೇ ಆಡೇ, ಆಡಲು ಬಾ, ಹಲಸಿನ ಎಲೆಯಿದೆ, ಓಡುತ ಬಾ' ಎಂಬಲ್ಲಿ ಅವನ ಬೆರಳು ನಿಂತಿತು.

"ಬಕ್ರೀದಿಗೆ ಇನ್ನು ಹದಿನೆಂಟು ದಿನ ಉಂಟು. ಈಗ ನೀನು ಆಡನ್ನು ಎಲೆ ತೋರಿಸಿ ಕರೆದರೆ ಆ ಗೌರವ್ ಎಂತ ಹೇಳಿಯಾನು, ಯೋಚನೆ ಮಾಡಿದ್ದೀಯಾ?"

ಅಯ್ಯೂಬ್ ಯೋಚಿಸಿರಲಿಲ್ಲ, ಈಗ ಯೋಚಿಸಿದ. ಬಿಸಿಲಿನಲ್ಲಿ ನಿಂತೇ ಹಂದಿಗೂ ಆಡಿಗೂ ಗೀಟು ಎಳೆದ. ಅರಾಫತ್ ಸಮಾಧಾನದಿಂದ ಸ್ಕೂಟರ್ ಹತ್ತಿ, ಇದೆಲ್ಲ ನಿನ್ನ ಒಳ್ಳೆಯದಕ್ಕೇ ಎಂದು ಹೇಳಿ ಹೋದ. ಅವನು ತಿರುವು ದಾಟುವ ಮೊದಲೇ ಝುಬೈದಾಳ ಫೋನು ಬಂತು. ಅಣ್ಣ ಹೇಳಿದ್ದನ್ನು ಕೇಳಿ ತಾನು ಹೆದರಿ ಅನ್ನ ಸೀಯಿಸಿದೆ, ಪದ್ಯವೂ ಬೇಡ ಏನೂ ಬೇಡ, ಮಗುವನ್ನು ಕರೆದುಕೊಂಡು ಸುಮ್ಮನೆ ಮನೆಗೆ ಬನ್ನಿ ಎಂದು ಅವಳ ಬೇಡಿಕೆ. ನಾಲ್ಕು ಗಂಟೆಯ ತನಕ ತಾಳು ಎಂದು ಅವನು ಅವಳನ್ನೇ ಬೇಡಿಕೊಂಡ.

ಹಟ್ಟಿಯಲ್ಲಿ ಈಗ ಉಳಿದದ್ದು ಕೋಳಿ ಒಂದೇ. ಅದರ ಮೇಲೆ ಯಾರ ದೂರೂ ಇರಲಿಲ್ಲ. ಎಲ್ಲ ಜಾತಿಯವರೂ ಎಲ್ಲ ಮತದವರೂ ಒಂದೇ ಮನಸ್ಸಿನಿಂದ ತಿನ್ನುವ ಪ್ರಾಣಿ ನಮ್ಮೂರಿನಲ್ಲಿ ಅದೊಂದೇ ಇರಬೇಕು. ಅಯ್ಯೂಬ್ ಅದನ್ನೇ ಅಂದವಾಗಿ ಬರೆದು ಜೆಸ್ಸಿ ಟೀಚರಿಗೆ ತೋರಿಸಿದ.

ಕೋಳೀ ಕೋಳೀ, ಬೆಳಗಾಯ್ತೇ?
ಕೊಕ್ಕೋ ಎಂದು ಕೂಗಿಯಾಯ್ತೇ?
ನನ್ನನು ಎಬ್ಬಿಸಿ ಶಾಲೆಗೆ ಕಳಿಸಿ
ನೀನು ಮಾತ್ರ ಮಲಗಿಯಾಯ್ತೇ?

ಅವಳು ಕಾಗದವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. "ಪದ್ಯ ಒಳ್ಳೇದುಂಟು ಸರ್. ಆದರೆ ಮೇಲೆ ಅಯ್ಯೂಬ್ ಅಂತ ಹೆಸರು, ಕೆಳಗೆ ಬರೀ ಕೋಳಿ. ದೂರದಿಂದ ನೋಡುವವರಿಗೆ ಚಿಕನ್ ಅಂಗಡಿಯ ಬೋರ್ಡಿನ ಹಾಗೆ ಕಾಣ್ತದೆ."

ಒಮ್ಮೆ ಹಾಗೆ ಹೇಳಿದ ಮೇಲೆ ಅಯ್ಯೂಬನಿಗೂ ಹಾಗೆಯೇ ಕಾಣತೊಡಗಿತು. ಪದ್ಯದ ಪಕ್ಕದಲ್ಲಿ ತಕ್ಕಡಿಯೊಂದೇ ಕಡಿಮೆ. ಕೋಳಿಗೂ ಗೀಟು ಬಿತ್ತು. ಆಗ ಮಧ್ಯಾಹ್ನ ಎರಡೂವರೆ ಗಂಟೆ, ಹಟ್ಟಿ ಖಾಲಿ. ಮೇಲೆ ಅವನ ಹೆಸರು ಮಾತ್ರ ಗಟ್ಟಿಯಾಗಿ ಕೂತಿತ್ತು.

ಇಷ್ಟಕ್ಕೆ ಬಿಟ್ಟುಬಿಡಬಹುದಿತ್ತು. ಮರ್ಯಾದೆ ಇದ್ದವನು ಬಿಡುತ್ತಿದ್ದ. ಆದರೆ ಹೆಸರಿನ ಆಸೆ ಅವನನ್ನು ಬಿಡಲಿಲ್ಲ, ಮಗಳ ನೆಪವೂ ಜೊತೆಗಿತ್ತು. ತನ್ನ ಸಾಕುಪ್ರಾಣಿಗಳನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿದ ಆ ಮನುಷ್ಯ ಖಾಲಿ ಹಟ್ಟಿಯಲ್ಲಿ ಏನು ಉಳಿದಿದೆ ಎಂದು ಹುಡುಕಿದ. ಹುಲ್ಲು ಉಳಿದಿತ್ತು. ಹುಲ್ಲಿಗೆ ಜಾತಿಯಿಲ್ಲ, ಅದನ್ನು ಯಾರೂ ಹಬ್ಬದ ಅಡುಗೆಗೆ ಬಳಸುವುದಿಲ್ಲ. ಹೀಗೆ ಕೊನೆಯ ಪದ್ಯ ಹುಟ್ಟಿತು.

ಹುಲ್ಲೇ ಹುಲ್ಲೇ, ಹಸಿರಿನ ಹುಲ್ಲೇ,
ಯಾರೂ ಇಲ್ಲ ತಿನ್ನಲು;
ಗಾಳಿ ಬಂದರೆ ತಲೆಯಾಡಿಸುವೆ,
ಖಾಲಿ ಬಿದ್ದಿದೆ ಹಿತ್ತಲು.

'ಕೊಯ್' ಎಂಬ ಶಬ್ದ ಎಲ್ಲಿಯೂ ಬಾರದಂತೆ ಎರಡು ಸಲ ಓದಿ ಖಾತ್ರಿ ಮಾಡಿಕೊಂಡು, ಮೂರೂವರೆಗೆ ಹೆಡ್‌ಮಿಸ್‌ನ ಕೋಣೆಗೆ ಹೋದ.

ಒಳಗೆ ಗೌರವ್ ಕೂತಿದ್ದರು. ಖುದ್ದಾಗಿ ದೂರು ಕೊಡಲು ಬಂದವರು ಹೆಡ್‌ಮಿಸ್ ಪ್ರಾರ್ಥನೆ ಮುಗಿಸಿ ಬರುವ ತನಕ ಕಾಯಬೇಕಾಗಿತ್ತು. ಅವರ ಫೋನಿನ ಬ್ಯಾಟರಿ ಬೆಳಗಿನ ಹೋರಾಟದಲ್ಲಿ ಮುಗಿದುಹೋಗಿತ್ತು. ಹಾಗಾಗಿ, ಬಹಳ ವರ್ಷಗಳ ನಂತರ, ಅವರು ಎದುರಿಗಿದ್ದ ಕಾಗದವನ್ನು ಕೈಗೆತ್ತಿಕೊಂಡು ಮೊದಲಿನಿಂದ ಕೊನೆಯ ತನಕ ಓದಿದ್ದರು. ಅದು ಮಧ್ಯಾಹ್ನ ಪ್ರೆಸ್ಸಿನಿಂದ ಬಂದಿದ್ದ ಮೊದಲ ಪ್ರೂಫ್. ಹಿಂದಿನ ದಿನ ಕೊಟ್ಟ ಪ್ರತಿಯಂತೆ ಹಸು, ಕೋಳಿ, ಆಡು ಮೂರೂ ಇದ್ದವು. ಪದ್ಯದ ಹೆಸರಿನ ಕೆಳಗೆ, ಕವಿಯ ಹೆಸರಿರಬೇಕಾದ ಜಾಗ ಮಾತ್ರ ಖಾಲಿಯಿತ್ತು.

ಗೌರವ್‌ರ ಕಣ್ಣು ಸ್ವಲ್ಪ ತೇವವಾಗಿತ್ತು.

"ಬನ್ನಿ ಮಾಸ್ಟ್ರೇ," ಎಂದರು. "ಪದ್ಯ ಅಂದರೆ ಇದು. ನನ್ನ ಅಜ್ಜಿ ನನ್ನನ್ನು ಮಲಗಿಸುವಾಗ ಹಾಡ್ತಿದ್ದದ್ದು. ನೋಡಿ, ಇಲ್ಲಿ ಹುಲ್ಲು ಉಂಟು. ಹುಲ್ಲು ಕೊಯ್ದು ತರುವುದು, ಎಷ್ಟು ಒಳ್ಳೆ ಮಾತು. ನೀವು ಇದನ್ನು ಎಲ್ಲಿಂದಲೋ ತೆಗೆದು, ಹುಲ್ಲನ್ನು ಬಿಟ್ಟು, ನಿಮ್ಮ ಹೆಸರು ಹಾಕಿದ್ರಲ್ಲ."

ಅಯ್ಯೂಬ್ ಬಾಯಿ ತೆರೆದ. ಹೊರಟದ್ದು ಒಂದು ಪೆದ್ದು ಪ್ರಶ್ನೆ. ಅಜ್ಜಿಯ ಮನೆ ಎಲ್ಲಿ ಎಂದು ಕೇಳಿದ. ವಾಮಂಜೂರು, ಗದ್ದೆಯ ಆಚೆ, ಗೇಟಿನ ಹತ್ತಿರ ನಾಗಸಂಪಿಗೆ ಮರ ಇರುವ ಮನೆ ಎಂದರು ಗೌರವ್. ಆ ಮನೆ ಅಯ್ಯೂಬನಿಗೆ ಚೆನ್ನಾಗಿ ಗೊತ್ತು. ಬೊಳ್ಳಿಯ ಹಾಲನ್ನು ಉಮ್ಮ ಕಳಿಸುತ್ತಿದ್ದ ನಾಲ್ಕು ಮನೆಗಳಲ್ಲಿ ಅದೂ ಒಂದು. ಆ ಅಜ್ಜಿ ಹಾಡಿದ್ದನ್ನು ಅವನು ಕೇಳಿರಲಿಲ್ಲ. ಹಾಲಿಗೆ ನೀರು ಹಾಕಿದ್ದೀಯಾ ಎಂದು ಬೈದದ್ದು ಕೇಳಿದ್ದ.

ಆಗಲೇ ಪ್ರಾರ್ಥನೆ ಮುಗಿಸಿ ಬಂದು ಕೂತಿದ್ದ ರೊಸಾಲಿನ್ ಮಿಸ್ ಒಮ್ಮೆ ಗೌರವ್‌ರನ್ನು ನೋಡಿದರು, ಒಮ್ಮೆ ಅಯ್ಯೂಬನನ್ನು ನೋಡಿದರು. ಮೇಣದ ಬತ್ತಿಗಳ ಫಲ ಕಣ್ಣ ಮುಂದೆಯೇ ಬಂದು ನಿಂತಿತ್ತು. ಅವರು ಮೆಲ್ಲಗೆ ಪೆನ್ಸಿಲ್ ತೆಗೆದು, ಪ್ರೂಫಿನ ಖಾಲಿ ಜಾಗದಲ್ಲಿ 'ಜನಪದ' ಎಂದು ಬರೆದರು. ಗೌರವ್ ಅದಕ್ಕೆ ಸಂತೋಷದಿಂದ ಒಪ್ಪಿ, ಮಾಸ್ತರರು ಒಂದು ಪತ್ರ ಬರೆದುಕೊಟ್ಟರೆ ಗುಂಪಿನಲ್ಲಿ ಹಾಕಿ ವಿಷಯವನ್ನು ಅಲ್ಲಿಗೇ ಮುಗಿಸುವುದಾಗಿ ಹೇಳಿ, ಅಯ್ಯೂಬನ ಭುಜ ತಟ್ಟಿ ಹೋದರು. ಹಂದಿ ಇಲ್ಲದ್ದು ಈಗ ಅವರಿಗೆ ನೆನಪೇ ಆಗಲಿಲ್ಲ.

"ಮಿಸ್, ಇದು ನನ್ನ ಪದ್ಯ," ಎಂದ ಅಯ್ಯೂಬ್, ಅವರು ಹೋದ ಮೇಲೆ.

"ನನಗೆ ಗೊತ್ತಿಲ್ವಾ ಸರ್?" ರೊಸಾಲಿನ್ ಮಿಸ್‌ನ ಸ್ವರ ನಿಜವಾಗಿಯೂ ಮೆತ್ತಗಾಗಿತ್ತು. "ಬೆಳಗಿನಿಂದ ನಾವು ಸುಮ್ಮನೆ ಹಸುವನ್ನು ತೆಗೆದೆವು, ಆಡನ್ನು ತೆಗೆದೆವು. ತೊಂದರೆ ಅವುಗಳದ್ದಲ್ಲ. ಈಗ ನೋಡಿ, ಎಲ್ಲ ಪ್ರಾಣಿಗಳೂ ವಾಪಸ್ ಬಂದವು. ಪದ್ಯ ಉಳಿಯಿತು, ನಿಮ್ಮ ಕೆಲಸವೂ ಉಳಿಯಿತು. ಹೋಗುವುದು ಒಂದು ಹೆಸರು ಅಲ್ವಾ."

ಜನಪದ ಪದ್ಯವೊಂದನ್ನು ಕಣ್ತಪ್ಪಿನಿಂದ ತನ್ನ ಹೆಸರಿನಲ್ಲಿ ಪ್ರಕಟಿಸಿದ್ದಕ್ಕೆ ವಿಷಾದಿಸುವುದಾಗಿ ಅಯ್ಯೂಬ್ ಬರೆದುಕೊಟ್ಟ. ಒಂದು ಅಕ್ಷರ ತಪ್ಪಿಲ್ಲದ ಪತ್ರ ಅದು. ಕೆಳಗೆ ಸಹಿ ಹಾಕುವಾಗ ಯ ಕೆಳಗಿನ ಯ ಸ್ವಲ್ಪ ಸೊಟ್ಟಗಾಯಿತು.

ಪ್ಯೂನ್ ರಜೆಯಾದ್ದರಿಂದ ಪ್ರೂಫನ್ನು ಹಂಪನಕಟ್ಟೆಗೆ ತಲುಪಿಸುವ ಕೆಲಸವೂ ಅವನ ಪಾಲಿಗೇ ಬಂತು. ಪ್ರೆಸ್ಸಿನ ಶೋಭಿತ್ ಇವನನ್ನು ಕಂಡವನೇ ಕುರ್ಚಿ ಎಳೆದು ಕೂರಿಸಿದ. ಬೆಳಿಗ್ಗೆ ಹೆಸರಿನ ಸಾಲು ಬಿಟ್ಟದ್ದಕ್ಕೆ ಬೇಸರ ಮಾಡಬೇಡಿ ಎಂದ. ಫಾಂಟ್ ಬದಲಿಸುವಾಗ 'ಯ್ಯೂ' ಒಡೆದು ಮೂರು ಚೂರಾಗಿ, ಓದಿದರೆ ಬೈಗುಳದ ಹಾಗೆ ಕಾಣುತ್ತಿತ್ತಂತೆ, ಅದಕ್ಕೇ ತೆಗೆದಿಟ್ಟಿದ್ದನಂತೆ.

"ಮಧ್ಯಾಹ್ನ ಊಟ ಬಿಟ್ಟು ಅದನ್ನೇ ಸರಿ ಮಾಡಿದ್ದು ಸರ್. ಈಗ ನೋಡಿ."

ಪರದೆಯ ಮೇಲೆ 'ರಚನೆ: ಅಯ್ಯೂಬ್' ಎಂದಿತ್ತು. ದಪ್ಪ ಅಕ್ಷರ, ಯ ಕೆಳಗೆ ಯ ನೆಟ್ಟಗೆ ನೇತಾಡುತ್ತಿತ್ತು. ತನ್ನ ಹೆಸರು ಇಷ್ಟು ಚಂದ ಉಂಟೆಂದು ಅವನಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಪೆನ್ಸಿಲಿನ ಶಬ್ದವಿದ್ದ ಪ್ರೂಫನ್ನು ಮುಂದೆ ಚಾಚಿ, ಅದನ್ನು ಅಳಿಸಿ ಇದನ್ನು ಹಾಕು ಎಂದ. ಶೋಭಿತ್ ಒಂದು ಸಲ ಅವನ ಮುಖ ನೋಡಿ, ಒಂದು ಗುಂಡಿ ಒತ್ತಿದ. 'ಜನಪದ'ದಲ್ಲಿ ಒತ್ತಕ್ಷರ ಇರಲಿಲ್ಲ, ಒಂದೇ ಏಟಿಗೆ ಸರಿಯಾಗಿ ಬಂತು.

ಪುಸ್ತಕ ಹದಿನೈದು ದಿನಕ್ಕೆ ಬಂತು. ಬಿಡುಗಡೆಯ ಸಭೆಯಲ್ಲಿ ಗೌರವ್ ಪದ್ಯವನ್ನು ರಾಗವಾಗಿ ಹಾಡಿದರು, ಕೆಲವು ತಾಯಂದಿರು ತಮ್ಮ ಅಜ್ಜಿಯಂದಿರೂ ಅದನ್ನೇ ಹಾಡುತ್ತಿದ್ದರೆಂದು ನೆನಪಿಸಿಕೊಂಡರು. ಅರಾಫತ್ ಕೂಡ ಒಂದು ಪ್ರತಿ ಕೊಂಡು, ಇಂಥದ್ದನ್ನು ಬರೆಯಲು ನಿನಗೆ ಬರುವುದಿಲ್ವಾ ಎಂದು ಅಯ್ಯೂಬನನ್ನು ಕೇಳಿದ. ಹಂದಿಯ ನಾಲ್ಕು ಸಾಲು ಅಯ್ಯೂಬನ ಶರಟಿನ ಜೇಬಿನಲ್ಲಿದ್ದು ಒಗೆತದಲ್ಲಿ ಹೋಯಿತು.

ಪುಸ್ತಕ ಮಕ್ಕಳ ಕೈಗೆ ಬಂದ ದಿನ ಸಂಜೆ ಅಯ್ಯೂಬ್ ಮನೆಗೆ ಬಂದಾಗ ಶೈಮಾ ಚಾಪೆಯ ಮೇಲೆ ಕೂತು ಕಾಪಿ ಬರೆಯುತ್ತಿದ್ದಳು. ಅತ್ತು ಮುಖ ಊದಿತ್ತು. ಪುಸ್ತಕ ಪಕ್ಕದಲ್ಲಿ ಮಗುಚಿ ಬಿದ್ದಿತ್ತು. ಇದು ನನ್ನ ಉಪ್ಪ ಬರೆದದ್ದು ಎಂದು ಅವಳು ಕ್ಲಾಸಿನಲ್ಲಿ ಹೇಳಿದ್ದಳಂತೆ. ಪುಸ್ತಕದಲ್ಲಿ ಹಾಗಿಲ್ಲವಲ್ಲ ಎಂದು ಗೌರವ್‌ರ ಮಗ ಎದ್ದು ನಿಂತನಂತೆ. ಜೆಸ್ಸಿ ಟೀಚರ್ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಆಮೇಲೆ ಶೈಮಾಳಿಗೆ 'ನಾನು ಸುಳ್ಳು ಹೇಳುವುದಿಲ್ಲ' ಎಂದು ಹತ್ತು ಸಲ ಬರೆದು, ಮನೆಯವರ ಸಹಿ ಹಾಕಿಸಿ ತರಲು ಹೇಳಿದಳಂತೆ.

ಹನ್ನೊಂದು ವರ್ಷದ ಅಭ್ಯಾಸ, ಅಯ್ಯೂಬನ ಕೈ ತಾನಾಗಿಯೇ ಕಾಪಿ ಪುಸ್ತಕದ ಕಡೆ ಹೋಯಿತು. ಹತ್ತೂ ಸಾಲಿನಲ್ಲಿ ಅವಳು 'ಸುಳು' ಎಂದು ಬರೆದಿದ್ದಳು.

"ಳ ಕೆಳಗೆ ಇನ್ನೊಂದು ಳ ಬೇಕು ಮಗಳೇ," ಎಂದ. "ಉಪ್ಪನ ಹೆಸರಿನಲ್ಲಿ ಯ ನೇತುಹಾಕ್ತೀಯಲ್ಲ, ಹಾಗೆ."

ಅವಳು ಮೂಗು ಒರೆಸಿಕೊಂಡು ಹತ್ತಕ್ಕೆ ಹತ್ತೂ ತಿದ್ದಿದಳು. ತಿದ್ದಿ ಮುಗಿಸಿ ಕಾಪಿ ಪುಸ್ತಕವನ್ನು ಅವನ ಮುಂದೆ ಇಟ್ಟಳು. ಅವನು ಕೊನೆಯ ಸಾಲಿನ ಕೆಳಗೆ ಸಹಿ ಹಾಕಿದ. ಮಗಳು ಬೆರಳಿಟ್ಟು, ಮೂರು ವಾರ ಅಭ್ಯಾಸ ಮಾಡಿದ್ದ ಹಾಗೆಯೇ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

"ಅ... ಯ್ಯೂ... ಬ್. ಉಪ್ಪ, ನಿಮ್ಮ ಹೆಸರು ಬಂತು."